ಮಂತ್ರಿ ಕೊಟ್ಟ ಪಂಚೆ

“ಕಳ್ಳತನ! ಹಾಡಹಗಲೇ ಕಳ್ಳತನ!”

ಲಿಪಿಕಾರ ಮೆರಿಸು ಕಾವಲು ನಾಯಕನ ಎದುರೇ ಬಟ್ಟೆಯ ಗಂಟನ್ನು ನೈಲ್ ದಂಡೆಯ ಕಲ್ಲಿನ ಮೇಲೆ ಎಸೆದ. ಒಳಗಿಂದ ಒಂದು ಒರಟು ಪಂಚೆ ಹೊರಳಿ ಬಿತ್ತು.

“ಸ್ವತಃ ಮಂತ್ರಿಗಳು ಕೊಟ್ಟ ಪಂಚೆ ಕಣಯ್ಯಾ! ನಾಳೆ ಹಬ್ಬದ ಮೆರವಣಿಗೆಗೆ ಉಡಬೇಕಿತ್ತು. ಅದನ್ನ ನುಂಗಿ, ಯಾವನೋ ಇಟ್ಟಿಗೆ ಕೆಸರು ತುಳಿಯೋನ ಚಿಂದಿ ಇಟ್ಟಿದ್ದಾನೆ ಈ ಅಗಸ!”

ಅಗಸ ಸೆಂಬಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಕೈಮುಗಿದ. “ಬುದ್ಧೀ, ಗಂಟಲ್ಲಿ ಬಂದದ್ದನ್ನೇ ಒಗೆದು ಕಳಿಸಿದ್ದೀನಿ.”

“ಹಾಗಾದ್ರೆ ನಾನು ಸುಳ್ಳುಗಾರನೇನೋ?”

ಓದುಬರಹ ಬಲ್ಲವನ ಮಾತಿನ ಎದುರು ಅಗಸನ ಮಾತು ಎಲ್ಲಿ ನಿಂತೀತು? ಕಾವಲು ನಾಯಕ ನೆಹ್ಸಿ ಕೋಲು ಹಿಡಿದೇ ಬಂದಿದ್ದ. ಕಳ್ಳತನಕ್ಕೆ ನೂರು ಏಟು — ಮತ್ತೆ ಈ ದಂಡೆಗೆ ಕಾಲಿಡುವಂತಿಲ್ಲ.

ಸೆಂಬಿಯ ಮಗಳು ಇಪಿ ಮಡಿಸುತ್ತಿದ್ದ ಬಟ್ಟೆಯನ್ನು ಬಿಟ್ಟು ನದಿಯ ಕಡೆ ನೋಡಿದಳು. ಅಂಬಿಗ ಖೆತಿಯ ದೋಣಿ ಈಚೆಗೆ ಬರುತ್ತಿತ್ತು. ಅದರ ಮಾಸಿದ ಹಾಯಿಯ ಮೇಲೊಂದು ಹೊಸ ತೇಪೆ ಬಿಸಿಲಿಗೆ ಮಿಂಚುತ್ತಿತ್ತು. ಮುಖ ನೋಡಿ ಮಾತಾಡುವುದೆಂದರೆ ಅವಳಿಗೆ ಮೊಸಳೆಗಿಂತ ಹೆಚ್ಚು ಭಯ. ಇಷ್ಟು ವರ್ಷ ಅವಳು ಊರಿನವರನ್ನು ಗುರುತಿಸಿದ್ದು ಅವರ ಬಟ್ಟೆಗಳಿಂದಲೇ. ಆದರೆ ಅಪ್ಪ ಇನ್ನೂ ನೀರಿನಲ್ಲಿ ಕೈಮುಗಿದೇ ನಿಂತಿದ್ದ.

“ನಾಯಕರೇ… ಒಂದು ಮಾತು ಕೇಳಲಾ?”

“ಅರೆ, ಇವಳಿಗೂ ಬಾಯಿದೆಯಾ! ಕೇಳಮ್ಮಾ.”

“ಇಟ್ಟಿಗೆಯವರ ಪಂಚೆ ಎಲ್ಲಿ ಸವೆಯುತ್ತೆ?”

“ಅಂಚಲ್ಲಿ. ದಿನವಿಡೀ ಕೆಸರಲ್ಲೇ ನಿಂತಿರ್ತಾರಲ್ಲ!”

ಇಪಿ ಒರಟು ಪಂಚೆಯನ್ನು ಬಿಸಿಲಿಗೆ ಹಿಡಿದಳು. “ಇದರ ಅಂಚು ಗಟ್ಟಿ. ಸವೆದಿರೋದು ಇಲ್ಲಿ — ಎರಡು ಮಂಡಿ ತಾಗೋ ಕಡೆ. ಚಕ್ಕಳಮಕ್ಕಳ ಹಾಕಿ ಕೂತು, ಪಂಚೆಯನ್ನ ಮಂಡಿಯಿಂದ ಮಂಡಿಗೆ ಬಿಗಿದು, ಅದರ ಮೇಲೆ ಸುರುಳಿ ಇಟ್ಟು ಬರೆಯೋರು ನಮ್ಮೂರಲ್ಲಿ ಎಷ್ಟು ಜನ?”

ಎಲ್ಲರ ಕಣ್ಣೂ ಮೆರಿಸುವಿನ ಮಂಡಿಯ ಮೇಲೆ ಬಿತ್ತು.

“ಒಬ್ಬರೇ!” ನೆಹ್ಸಿ ಹುಬ್ಬೇರಿಸಿದ. “ಅಂದ್ರೆ ಇದು ಇವರದ್ದೇ?”

“ಹೌದು. ಗಂಟು ಕಟ್ಟುವಾಗಲೇ ತಮ್ಮ ಹಳೇದನ್ನ ಸೇರಿಸಿದ್ದಾರೆ.”

“ಮತ್ತೆ ಮಂತ್ರಿಗಳ ಪಂಚೆ?”

ಇಪಿ ಖೆತಿಯ ಹಾಯಿಯ ತೇಪೆಯ ಕಡೆ ಬೆರಳು ತೋರಿಸಿದಳು. “ಅಷ್ಟು ನವಿರು ಬಟ್ಟೆ ದೋಣಿಯವರ ಮನೇಲಿ ಎಲ್ಲಿಂದ ಬರ್ಬೇಕು?”

“ಏಯ್ ಖೆತಿ! ಆ ತೇಪೆ ಎಲ್ಲಿ ಸಿಕ್ತೋ?” ಎಂದು ನೆಹ್ಸಿ ಕೂಗಿದ.

“ಗೆದ್ದದ್ದು ಒಡೆಯಾ! ಹಲಗೆಯಾಟದಲ್ಲಿ! ಬುದ್ಧಿಯವರು ನಾಲ್ಕು ಸಲ ಸೋತರೂ ಏಳಲೇ ಇಲ್ಲ, ಕೊನೆಗೆ ಪಂಚೆಯನ್ನೇ ಪಣಕ್ಕಿಟ್ಟರು! ಉಡೋಣ ಅಂದ್ರೆ ಹೆಂಡ್ತಿ ನಗ್ತಾಳೆ — ಎಲ್ಲಾ ಕಾಣುತ್ತಂತೆ!”

ದಂಡೆಯೆಲ್ಲ ನಗೆಯಲ್ಲಿ ಮುಳುಗಿತು. ಮೆರಿಸು ಗೊಣಗಿದ: “ದೋಣಿ ನಡೆಸೋನ ಕೈಲಿ ಸೋತೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಸುಳ್ಳು ದೂರಿಗೂ ಅದೇ ನೂರು ಏಟು,” ಎಂದ ನೆಹ್ಸಿ. “ಏನಂತೀಯೋ ಸೆಂಬಿ?”

ಸೆಂಬಿ ನೀರಿನಿಂದ ಮೇಲೆ ಬಂದ. “ಏಟು ಬೇಡ ಒಡೆಯಾ. ನಾಳೆ ಮೆರವಣಿಗೇಲಿ ಬುದ್ಧಿಯವರು ಇದನ್ನೇ ಉಡಲಿ. ಚೆನ್ನಾಗಿ ಒಗೆದಿದ್ದೀನಿ.”

ಇಪಿ ಪಂಚೆಯನ್ನು ಸವೆದ ಭಾಗ ಮೇಲೆ ಕಾಣುವಂತೆ ಮಡಿಸಿ, ಮೊದಲ ಸಲ ಲಿಪಿಕಾರನ ಮುಖವನ್ನೇ ನೋಡುತ್ತ, ಅವನ ಕೈಗಿತ್ತಳು.