ಉಳಿದುಹೋದ ನಲವತ್ತು ನಿಮಿಷ

"ಏನ್ರೀ, ನಿದ್ದೆ ಮಾಡೋಕೆ ಮನೆ ಇಲ್ವಾ ನಿಮಗೆ?"

ಅವಳು ಕಾರಿನ ಗಾಜು ಬಡಿದ ರಭಸಕ್ಕೆ ಒಳಗೆ ಮಲಗಿದ್ದವನು ಧಡಕ್ಕನೆ ಎದ್ದು ತಲೆಯನ್ನು ಛಾವಣಿಗೆ ಹೊಡೆದುಕೊಂಡ.

ಹೆದ್ದಾರಿ ಪಕ್ಕದ ಆ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಇದ್ದದ್ದು ಎರಡೇ ಕಂಬ. ಒಂದಕ್ಕೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿದ್ದರು. ಇನ್ನೊಂದರ ಕೇಬಲ್ ಇವನ ಕಾರಿಗೆ ಸಿಕ್ಕಿಕೊಂಡಿತ್ತು. ಆ ಕಂಬದ ಪುಟ್ಟ ಪರದೆಯ ಮೇಲೆ ಎಂಬತ್ತಾರು ಎಂದು ಹೊಳೆಯುತ್ತಿತ್ತು. ಅವಳ ಕಾರಿನಲ್ಲಿ ಉಳಿದಿದ್ದದ್ದು ನಾಲ್ಕೇ ನಾಲ್ಕು ಪರ್ಸೆಂಟ್!

"ಎಂಬತ್ತು ದಾಟಿದ ಮೇಲೆ ತೆಗೀಬೇಕು. ಅಷ್ಟೂ ಗೊತ್ತಿಲ್ವಾ? ಆಮೇಲೆ ಅದು ಆಮೆ ಥರ ಏರುತ್ತೆ. ನೀವು ನೂರಾಗ್ಲಿ ಅಂತ ಗೊರಕೆ ಹೊಡೀರಿ, ನಾನು ಹೊರಗೆ ನಿಂತು ಕಂಬ ಕಾಯ್ತೀನಿ!"

"ತಪ್ಪಾಯ್ತು ರೀ..." ಅವನು ತಲೆ ಸವರಿಕೊಳ್ಳುತ್ತಾ ಇಳಿದ. "ಲಿಫ್ಟ್ ರಿಪೇರಿ ಕೆಲಸ ನಂದು. ಬೆಳಿಗ್ಗೆಯಿಂದ ಹನ್ನೆರಡು ಲಿಫ್ಟ್ ನೋಡಿ ಬಂದೆ. ಕಣ್ಣು ಹತ್ತಿಬಿಡ್ತು."

ತನ್ನ ಕೇಬಲ್ ಕಿತ್ತ. ಅವಳ ಕಾರಿಗೆ ತಾನೇ ಸಿಕ್ಕಿಸಿಕೊಟ್ಟ. ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ! ಮೂಲೆಯ ಮೆಷಿನ್ನಿನಿಂದ ಎರಡು ಲೋಟ ಕಾಫಿ ಹಿಡಿದು ತಂದ.

"ಬೈದು ಗಂಟಲು ಒಣಗಿರುತ್ತೆ, ತಗೊಳ್ಳಿ."

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

*

ಅವಳದು ಕಿವಿ ಪರೀಕ್ಷೆಯ ಕೆಲಸ. ವಾರವಿಡೀ ತನ್ನೂರಿನಲ್ಲಿ, ಶನಿವಾರ ಮಾತ್ರ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ. ಶಬ್ದವೇ ನುಗ್ಗದ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು ಅವಳು ಹೇಳುವ ಮಾತು ಒಂದೇ: "ಕೇಳಿಸಿದಾಗ ಒತ್ತಿ. ಕೇಳಿಸ್ತೇನೋ ಅಂತ ಅನುಮಾನ ಬಂದ್ರೂ ಒತ್ತಿ. ತಪ್ಪಾದ್ರೆ ಪರವಾಗಿಲ್ಲ."

ಸಂಜೆ ಮನೆಗೆ ಬಂದರೆ ಆ ಕೋಣೆಗೂ ಮನೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಫ್ರಿಜ್ ಗುಂಯ್‌ಗುಡುವುದು, ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಅಷ್ಟೇ. ಗಂಡನಾಗಿದ್ದವನು ಹೋಗಿ ಐದು ವರ್ಷ. ಜಗಳವಾಡಿ ಹೋಗಿದ್ದರೆ ಬೈದುಕೊಳ್ಳಲಿಕ್ಕಾದರೂ ಆಗುತ್ತಿತ್ತು. "ನಮ್ಮಿಬ್ಬರ ಮಧ್ಯೆ ಮಾತೇ ಇಲ್ಲವಲ್ಲ" ಎಂದು ಹೇಳಿ, ಕಾರಿನ ಕೀ ಮೇಜಿನ ಮೇಲಿಟ್ಟು ಹೋಗಿದ್ದ.

ಆ ಕಾರಿಗೀಗ ಎಂಟು ವರ್ಷ. ಬ್ಯಾಟರಿ ಸೊರಗಿತ್ತು. ಶನಿವಾರದ ಪಯಣ ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ. ವಾಪಸ್ ಬರುವಾಗ ಆ ಎರಡು ಕಂಬಗಳ ಬಳಿ ನಲವತ್ತು ನಿಮಿಷ ನಿಲ್ಲಲೇಬೇಕಿತ್ತು.

ಮೊದಲು ಆ ನಲವತ್ತು ನಿಮಿಷವೆಂದರೆ ಅವಳಿಗೆ ಹಿಂಸೆ. ಆಮೇಲೆ...?

ಆಮೇಲೆ ಪ್ರತಿ ಶನಿವಾರ ಆರು ಗಂಟೆಗೆ ಅವನೂ ಅಲ್ಲಿರುತ್ತಿದ್ದ. "ನಂದೂ ದೂರದ ಓಡಾಟ" ಎನ್ನುತ್ತಿದ್ದ. ಕೆಟ್ಟ ಕಂಬವೂ ಸರಿಯಾಗಿತ್ತು. ಒಂದು ಅವನಿಗೆ, ಒಂದು ಅವಳಿಗೆ. ಅವನಿಗೊಂದು ವಿಚಿತ್ರ ಅಭ್ಯಾಸ. ಕೇಬಲ್ ಸಿಕ್ಕಿಸಿದ ಕೂಡಲೇ ತಲೆಯ ಟೋಪಿ ತೆಗೆದು ಕಂಬದ ಪರದೆಯ ಮೇಲೆ ನೇತುಹಾಕುವುದು.

"ಅದೇನ್ರೀ ಅದು?"

"ಬಿಸಿಲಿಗೆ ಪರದೆ ಹಾಳಾಗುತ್ತೆ."

"ಸಂಜೆ ಆರು ಗಂಟೆಗೆ ಎಲ್ಲಿಯ ಬಿಸಿಲು?"

"ಮುಂಜಾಗ್ರತೆ!"

ಅವಳು ಅವನನ್ನು ಟೋಪಿಯವರು ಎಂದು ಕರೆದಳು. ಅವನು ಅವಳನ್ನು ಕಿವಿ ಡಾಕ್ಟರ್ ಎಂದ. "ನಾನು ಡಾಕ್ಟರ್ ಅಲ್ಲ ರೀ" ಎಂದರೆ, "ನನ್ನ ಮಾತು ಕೇಳೋರು ನೀವೊಬ್ರೇ, ನನಗೆ ನೀವೇ ಡಾಕ್ಟರ್" ಎನ್ನುತ್ತಿದ್ದ.

ಒಂದು ಸಲ ಹೇಳಿದ್ದ, "ದಿನಕ್ಕೆ ನೂರು ಜನ ಲಿಫ್ಟಲ್ಲಿ ನನ್ನ ಪಕ್ಕ ನಿಲ್ತಾರೆ. ಎಲ್ರೂ ಮೇಲೆ ನಂಬರ್ ನೋಡ್ತಾರೆ. ಒಬ್ರೂ ನನ್ನ ಮುಖ ನೋಡಲ್ಲ."

ಅವಳು ನೋಡಿದ್ದಳು. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ಉಗುರಿನ ಸಂದಿಯಲ್ಲಿ ಗ್ರೀಸು, ನಗುವ ಮೊದಲೇ ನಗುವ ಕಣ್ಣು... ವಾರವಿಡೀ ನೆನಪಿರುವಷ್ಟು ನೋಡಿದ್ದಳು.

ಆದರೂ ಇಬ್ಬರೂ ಫೋನ್ ನಂಬರ್ ಕೇಳಿರಲಿಲ್ಲ. ವಯಸ್ಸು ನಲವತ್ತರ ಹತ್ತಿರ ಬಂದರೆ ಬುದ್ಧಿ ಬಂದೇಬರುತ್ತದೆ ಎಂದು ಯಾರು ಹೇಳಿದರೋ!

*

"ನಿನ್ನ ಕಾರಿಗೆ ಎಂಟು ವರ್ಷ, ನಿನಗೆ ಮೂವತ್ತೆಂಟು. ಇಬ್ಬರಿಗೂ ಏನಾದ್ರೂ ಬದಲಾಗ್ಬೇಕು ಕಣೇ," ಎಂದು ಫೋನಿನಲ್ಲಿ ಅಕ್ಕನ ರಾಗ. "ದಾರಿ ಮಧ್ಯೆ ಕೈಕೊಟ್ರೆ ಯಾರಿದ್ದಾರೆ ನಿನಗೆ?"

ಅಕ್ಕ ಕೇಳಿದ್ದು ಕಾಳಜಿಯಿಂದಲೇ. ಆದರೂ ಆ ಪ್ರಶ್ನೆ ಅವಳನ್ನು ಎರಡು ದಿನ ಮಲಗಗೊಡಲಿಲ್ಲ.

ಶೋರೂಮಿಗೆ ಹೋದಳು. ಮೊದಲ ಸಲ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಬಣ್ಣ ಕೇಳುತ್ತಾರೆ. ಎರಡನೇ ಸಲದವರು ಚಳಿಯಲ್ಲಿ ಎಷ್ಟು ದೂರ ಬರುತ್ತೆ ಎಂದು ಕೇಳುತ್ತಾರೆ. ಅವಳ ಪ್ರಶ್ನೆಗಳಿಗೆ ಸೇಲ್ಸ್‌ನವನು ಬೆವರಿಹೋದ. ಕೊನೆಗೆ ತಾನೂ ಒಂದು ಕೇಳಿದ.

"ಕಾರಲ್ಲಿ ಯಾರ್ಯಾರು ಓಡಾಡ್ತಾರೆ ಮೇಡಂ?"

"ನಾನು."

"ಮತ್ತೆ?"

"ನಾನೇ."

ಆತ ಫಾರಂ ಮೇಲೆ ಏನೋ ಬರೆದುಕೊಂಡ. ಅವಳು ಕಿಟಕಿಯ ಹೊರಗೆ ನೋಡಿದಳು.

ಆಯ್ಕೆ ಎರಡಕ್ಕೆ ಬಂದು ನಿಂತಿತು. ಸಣ್ಣ ಬ್ಯಾಟರಿಯದಾದರೆ ಶನಿವಾರ ಆ ಕಂಬಗಳ ಬಳಿ ಅರ್ಧ ಗಂಟೆಯಾದರೂ ನಿಲ್ಲಬೇಕು. ದೊಡ್ಡದಾದರೆ ಹೋಗಿಬಂದರೂ ಇನ್ನೂ ಉಳಿಯುತ್ತೆ, ಎಲ್ಲೂ ನಿಲ್ಲಬೇಕಿಲ್ಲ.

ಯಾವ ಬುದ್ಧಿವಂತರೂ ಯೋಚಿಸುವ ವಿಷಯವೇ ಅಲ್ಲ ಅದು. ಆದರೆ ಅವಳ ಮನಸ್ಸು ಸಣ್ಣದರ ಮೇಲೆ ಕೂತಿತ್ತು. ಅವನೊಮ್ಮೆ "ಸಣ್ಣದೇ ಸಾಕು" ಎಂದುಬಿಟ್ಟರೆ... ಅಷ್ಟೇ ಸಾಕಿತ್ತು ಅವಳಿಗೆ.

ಆ ಶನಿವಾರ ಕಾಫಿ ಲೋಟ ತಿರುಗಿಸುತ್ತಾ ಕೇಳಿಯೇಬಿಟ್ಟಳು.

"ಟೋಪಿಯವರೇ, ಯಾವುದು ತಗೊಳ್ಲಿ? ನೀವು ಹೇಳಿದ್ದೇ ತಗೊಳ್ತೀನಿ."

ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ದೊಡ್ಡ ಬ್ಯಾಟರಿದು. ಕಣ್ಮುಚ್ಚಿ ತಗೊಳ್ಳಿ. ವಾರ ವಾರ ಇಲ್ಲಿ ನಿಲ್ಲೋ ಕರ್ಮ ತಪ್ಪುತ್ತೆ."

ಕರ್ಮ!

ಒಂದು ವರ್ಷದ ಶನಿವಾರಗಳನ್ನು ಅವನು ಒಂದೇ ಪದದಲ್ಲಿ ಗುಡಿಸಿ ಹಾಕಿದಂತಾಯಿತು. 'ಇವನಿಗೆ ನಾನು ಚಾರ್ಜ್ ಆಗೋವರೆಗಿನ ಹೊತ್ತು ಕಳೆಯೋ ಹೆಂಗಸು, ಅಷ್ಟೇ...' ಆದರೂ ನಕ್ಕಳು.

"ಹೌದಲ್ವಾ. ಒಳ್ಳೆ ಸಲಹೆ. ಥ್ಯಾಂಕ್ಸ್."

ಅರವತ್ತಕ್ಕೇ ಕೇಬಲ್ ಕಿತ್ತು ಹೊರಟಳು. ಅವಳು ಕುಡಿಯದೆ ಬಿಟ್ಟ ಲೋಟ ಅವನ ಕೈಯಲ್ಲಿ ಹಾಗೇ ಉಳಿಯಿತು.

*

ಆ ವಾರದೊಳಗೇ ಹೊಸ ಕಾರು ಬಂತು. ಸದ್ದಿಲ್ಲ, ಗದ್ದಲವಿಲ್ಲ, ದೂರು ಹೇಳಲು ಒಂದು ದೋಷವೂ ಇಲ್ಲ.

ಮೊದಲ ಶನಿವಾರ ಎರಡು ಕಂಬಗಳು ಎಡಗಡೆ ಕಂಡವು. ಅವಳು ಕತ್ತು ತಿರುಗಿಸಲಿಲ್ಲ. ಮನೆಗೆ ನಲವತ್ತು ನಿಮಿಷ ಮೊದಲೇ ಬಂದಳು. ಆ ನಲವತ್ತು ನಿಮಿಷವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕಾಫಿ ಮಾಡಿದಳು. ಕೈ ಅಭ್ಯಾಸಬಲದಿಂದ ಎರಡು ಲೋಟ ಇಳಿಸಿತ್ತು. ಒಂದನ್ನು ಮತ್ತೆ ಮೇಲಿಟ್ಟಳು.

ಎರಡನೇ ಶನಿವಾರವೂ ಹಾಗೇ. ಮೂರನೆಯದೂ ಹಾಗೇ. ಫ್ರಿಜ್ ಗುಂಯ್‌ಗುಡುತ್ತಿತ್ತು. ಸೋಫಾದ ತುದಿಯಲ್ಲಿ ಕೂತು, ದೀಪವನ್ನೂ ಹಾಕದೆ, ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುವ ಸದ್ದು ಕೇಳಲು ಯಾರೂ ಇಲ್ಲವೆಂಬುದು ನೆನಪಾಗಿ ಇನ್ನಷ್ಟು ಅತ್ತಳು.

ನಾಲ್ಕನೇ ಶನಿವಾರ ಆಸ್ಪತ್ರೆಗೆ ಒಬ್ಬ ನಿವೃತ್ತ ಟೈಲರ್ ಬಂದರು. ಪರೀಕ್ಷೆ ಮುಗಿದಾಗ ಗ್ರಾಫ್ ನೋಡಿ ಅವಳಿಗೇ ಆಶ್ಚರ್ಯ.

"ಅಜ್ಜಾ, ಇಷ್ಟು ಜೋರಾಗಿ ಶಬ್ದ ಬಂದಾಗ್ಲೂ ನೀವು ಬಟನ್ ಒತ್ತಿಲ್ವಲ್ಲಾ? ಮಾತಾಡಿದ್ರೆ ಚೆನ್ನಾಗೇ ಕೇಳಿಸುತ್ತೆ ನಿಮಗೆ!"

"ಕೇಳಿಸ್ದಂಗಾಯ್ತಮ್ಮ," ಎಂದರು ಅವರು ಸಂಕೋಚದಿಂದ. "ತಪ್ಪಾದ್ರೆ ನಗ್ತೀಯೇನೋ ಅಂತ ಒತ್ಲಿಲ್ಲ."

"ತಪ್ಪಾದ್ರೆ ಪರವಾಗಿಲ್ಲ ಅಂತ ನಾನು ಹೇಳಿದ್ನಲ್ಲ ಅಜ್ಜಾ..."

ಹೇಳುತ್ತ ಹೇಳುತ್ತಲೇ ಅವಳ ಮಾತು ನಿಂತುಹೋಯಿತು.

*

ಆರು ಗಂಟೆ. ಕಂಬಗಳು ಕಂಡವು. ಈ ಸಲ ಸ್ಟಿಯರಿಂಗ್ ತಿರುಗಿಸಿದಳು.

ಅವನ ಕಾರು ಅಲ್ಲೇ ಇತ್ತು! ಟೋಪಿ ಪರದೆಯ ಮೇಲೆ ನೇತಾಡುತ್ತಿತ್ತು. ಅವನು ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಎರಡು ಲೋಟ. ಒಂದು ಖಾಲಿ, ಒಂದು ತುಂಬಿ ತಣ್ಣಗಾಗಿತ್ತು.

ಹೊಸ ಕಾರಿನಿಂದ ಅವಳು ಇಳಿದದ್ದು ಕಂಡು ಗಾಬರಿಯಿಂದ ಎದ್ದ.

"ಏನಾಯ್ತು? ಹೊಸ ಗಾಡಿನೂ ಕೈಕೊಡ್ತಾ?"

ಉತ್ತರಿಸದೆ ಅವಳು ಕೇಬಲ್ ಎಳೆದು ಸಿಕ್ಕಿಸಿದಳು. ಪರದೆಯಲ್ಲಿ ಅಂಕಿ ಮೂಡಿತು. ಅವನು ಓದಿದ.

"ಎಪ್ಪತ್ತೊಂದು...? ಎಪ್ಪತ್ತೊಂದು ಇಟ್ಕೊಂಡು ಯಾರಾದ್ರೂ ನಿಲ್ತಾರಾ? ಯಾಕೆ ನಿಂತ್ರಿ?"

"ನನ್ನ ಕರ್ಮ!"

ಅವನ ಮುಖ ಸಪ್ಪಗಾಯಿತು. ಅವಳಿಗೆ ಕಣ್ಣು ತುಂಬಿ ಬಂತು. ಅಳುವುದನ್ನು ಅವನು ನೋಡಬಾರದೆಂದು ತಿರುಗಿದವಳ ಕಣ್ಣಿಗೆ ಬಿದ್ದದ್ದು ಆ ಟೋಪಿ.

"ಬೇಡ... ಅದನ್ನ ತೆಗೀಬೇಡಿ..." ಎಂದ ಅವನು.

ಅವಳು ತೆಗೆದಳು.

ಆರಂಭ: ತೊಂಬತ್ತೊಂದು. ಈಗ: ತೊಂಬತ್ತಾರು.

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಮತ್ತೊಂದು ಹೋಯಿತು. ಅವಳು ಆ ಅಂಕಿಗಳನ್ನೇ ನೋಡುತ್ತಿದ್ದಳು.

"ನಿಮ್ಮನೆ ಇಲ್ಲಿಂದ ಎಷ್ಟು ದೂರ?"

"ಹನ್ನೊಂದು ಕಿಲೋಮೀಟರ್."

"ಮನೇಲಿ ಚಾರ್ಜರ್ ಇದೆಯಾ?"

"ಇದೆ," ಎಂದ, ಹೋಮ್‌ವರ್ಕ್ ಮಾಡದ ಹುಡುಗನ ದನಿಯಲ್ಲಿ.

"ಎಷ್ಟು ಶನಿವಾರದಿಂದ ಈ ನಾಟಕ?"

"ನೀವು ಗಾಜು ಬಡಿದ ದಿನ ನಿಜವಾಗ್ಲೂ ದೂರದಿಂದ ಬಂದಿದ್ದೆ. ಅದೊಂದು ಬಿಟ್ಟು... ಎಲ್ಲಾ. ಬೇರೆ ಯಾರಾದ್ರೂ ಬಂದ್ರೆ ತಕ್ಷಣ ಕಿತ್ತು ಜಾಗ ಬಿಡ್ತಿದ್ದೆ, ಅದರಲ್ಲಿ ಮೋಸ ಇಲ್ಲ."

"ಮತ್ತೆ ದೊಡ್ಡ ಬ್ಯಾಟರಿ ತಗೊಳ್ಳಿ ಅಂದಿದ್ದು? ನನ್ನ ಓಡಿಸೋಕಾ?"

"ಆ ಚಳಿ ಸಂಜೆ ನೆನಪಿದ್ಯಾ?" ಅವನು ಮೆಲ್ಲಗೆ ಹೇಳಿದ. "ಎರಡು ಪರ್ಸೆಂಟಲ್ಲಿ ಬಂದ್ರಿ. ಚಾರ್ಜ್ ಉಳಿಸೋಕೆ ಹೀಟರ್ ಆರಿಸಿಕೊಂಡು ಬಂದಿದ್ರಿ. ಲೋಟ ಹಿಡಿಯೋಕೂ ಆಗದಷ್ಟು ಕೈ ನಡುಗ್ತಿತ್ತು ನಿಮಗೆ. ಹನ್ನೊಂದು ಕಿಲೋಮೀಟರಿಂದ ಬರೋನು ನಾನು. ಭಯಪಟ್ಕೊಂಡು ಬರೋರು ನೀವು. ನಾನು ನಲವತ್ತು ನಿಮಿಷ ನಿಮ್ಮನ್ನ ನೋಡ್ಬೇಕು ಅನ್ನೋ ಆಸೆಗೆ, ನೀವು ದಾರಿ ಪೂರ್ತಿ ಆ ಅಂಕಿ ನೋಡ್ಕೊಂಡು ಒಬ್ರೇ ನಡುಗ್ತಾ ಬರ್ಬೇಕಾ? ಹೆಂಗ್ರೀ ಹೇಳ್ಲಿ ಸಣ್ಣದು ತಗೊಳ್ಳಿ ಅಂತ?"

ಐದು ವರ್ಷದಲ್ಲಿ ಅವಳ ನಡುಗುವ ಕೈಯನ್ನು ಯಾರೋ ಒಬ್ಬರು ನೋಡಿದ್ದರು, ನೆನಪಿಟ್ಟುಕೊಂಡಿದ್ದರು!

"ಹೇಳ್ಬೇಕಿತ್ತು ಅಲ್ವಾ ನೀವು..." ಎಂದಳು ಅಳುತ್ತಲೇ. "ಈ ನಾಲ್ಕು ವಾರ ಎಷ್ಟು ದೊಡ್ಡದಾಗಿತ್ತು ಗೊತ್ತಾ ನನ್ನ ಮನೆ!"

"ನೀವು ಇನ್ನು ಬರಲ್ಲ ಅಂತ ಗೊತ್ತಿದ್ದೂ ನಾನು ಇಲ್ಲೇ ಕೂತಿದ್ದೆ. ಅದಕ್ಕಿಂತ ಹೆಂಗೆ ಹೇಳ್ಬೇಕೋ ನನಗೆ ತಿಳೀಲಿಲ್ಲ."

"ನಿಮ್ಮ ನಂಬರ್ ಕೊಡಿ ಮೊದ್ಲು."

ಕೊಟ್ಟ. ಅವಳು ತನ್ನ ಫೋನಿನಲ್ಲಿ 'ಟೋಪಿಯವರು' ಎಂದು ಬರೆದು ಅವನಿಗೇ ತೋರಿಸಿದಳು. ಅವನು ನಕ್ಕ, ಹೋಗಿ ಬಿಸಿ ಕಾಫಿ ತಂದ. ಇಬ್ಬರೂ ಕಟ್ಟೆಯ ಮೇಲೆ ಕೂತರು. ಈ ಸಲ ನಡುವೆ ಲೋಟ ಇಡುವಷ್ಟೂ ಜಾಗವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಅವಳ ಕಂಬದ ಕಡೆ ಬಗ್ಗಿ ನೋಡಿದ.

"ಎಂಬತ್ತಾಯ್ತು. ದಾಟಿದ ಮೇಲೆ ತೆಗೀಬೇಕು. ಒಬ್ಬರು ಗಾಜು ಬಡಿದು ಹೇಳ್ಕೊಟ್ಟಿದ್ರು ನನಗೆ."

ಅವಳು ರಸ್ತೆಯತ್ತ ಕಣ್ಣು ಹಾಯಿಸಿದಳು.

"ಯಾರಾದ್ರೂ ಕಾಯ್ತಿದ್ದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು, ಅವನ ತೋಳಿಗೆ ತಲೆಯಾನಿಸಿ. "ನೂರಾಗ್ಲಿ."