ಪಂಖಾ ಇಲ್ಲದ ದೋಣಿ

"ಕೈ ತಗೀರಿ! ಮೊದ್ಲ ಕೈ ಹೊರಗ ತಗೀರಿ!"

ದೋಣಿಯ ಒಳಗಿನಿಂದ ಬಂದ ಕೂಗಿಗೆ ಆರ್ಜೂ ಬೆಚ್ಚಿಬಿದ್ದು ಕೈ ಎಳೆದುಕೊಂಡಳು. ಮೊಣಕೈವರೆಗೂ ಗ್ರೀಸು!

ಮರುಕ್ಷಣ ದೋಣಿಯ ಅಂಚಿನ ಮೇಲೆ ಒಂದು ತಲೆ ಮೂಡಿತು. ಕೆದರಿದ ಕೂದಲು, ಮೂಗಿನ ಮೇಲೆ ಮಸಿ, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ. ಸಿಟ್ಟಿಗೆ ಕೆಂಪಾಗಬೇಕಿದ್ದ ಮುಖ ಹೆದರಿಕೆಗೆ ಬಿಳಿಚಿಕೊಂಡಿತ್ತು.

"ಒಳಗ ಫ್ಯಾನ್ ಐತ್ರಿ! ನಾ ಈ ಕಡಿಂದ ಅದನ್ನ ತಿರುವಾಕತ್ತಿದ್ದೆ. ಇನ್ನೊಂದು ಸುತ್ತು ತಿರುವಿದ್ರ ನಿಮ್ಮ ಬೆರಳು..." ಅವನು ಕಣ್ಣು ಮುಚ್ಚಿಕೊಂಡ.

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ಆದರೆ ಆರ್ಜೂ ಹುಟ್ಟಿದ್ದೇ ಪ್ರಶ್ನೆ ಕೇಳುವುದಕ್ಕೆ!

"ಹೌದಾ? ಫ್ಯಾನ್ ಒಳಗ ಯಾಕ ಐತ್ರಿ? ಎಲ್ಲಾ ದೋಣಿಗೂ ಪಂಖಾ ಹೊರಗ ಇರ್ತೈತಲ್ಲ?"

ಅವನು ಮೂಗಿನ ಮಸಿ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಬಳಿದುಕೊಂಡ.

ಅವಳು ಬಂದದ್ದು ಸೀಟಿನ ಅಳತೆಗೆ. ಗೋವಾದ ವಾಸ್ಕೋದಲ್ಲಿ ಅಪ್ಪ ಯಾಕೂಬನದು ಸೀಟ್ ಕವರ್ ಅಂಗಡಿ. ವಿಜಯಪುರದ ಕಡೆಯಿಂದ ಬಂದು ವರ್ಷಾನುಗಟ್ಟಲೆ ಅದಿರಿನ ಲಾರಿ ಓಡಿಸಿದ ಯಾಕೂಬ, ಮೊಣಕಾಲು ಕೈಕೊಟ್ಟ ಮೇಲೆ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದ. ಈಗ ಆ ಯಂತ್ರದ ಮುಂದೆ ಕೂರುವವಳು ಮಗಳು. ಬೈನಾ ಕಡಲ ದಂಡೆಯ ಥಾವರಪ್ಪನ ಶೆಡ್ಡಿನಲ್ಲಿ ಒಂದು ಹಳೇ ದೋಣಿ ಇದೆ, ಹೊಸ ಸೀಟು ಬೇಕಂತೆ ಎಂದು ಅಪ್ಪ ಟೇಪು ಕೊಟ್ಟು ಕಳಿಸಿದ್ದ. ಸೀಟು ನೋಡುವುದು ಬಿಟ್ಟು ಇವಳು ದೋಣಿಯ ಹಿಂದೆ ಹೋಗಿ, ಪಂಖಾ ಇರಬೇಕಾದ ಕಡೆ ಇದ್ದ ದುಂಡು ತೂತಿನೊಳಗೆ ಕೈ ಹಾಕಿದ್ದಳು.

"ಇದು ಜೆಟ್ ಬೋಟ್ ರಿ," ಅವನು ಸುಧಾರಿಸಿಕೊಂಡು ಹೇಳಿದ. "ಕೆಳಗಿನ ಜಾಲರಿಯಿಂದ ನೀರು ಎಳಕೋತೈತಿ, ಹಿಂದಿನಿಂದ ಜೋರಾಗಿ ಉಗುಳತೈತಿ. ಆ ಜೋರಿಗೇ ಮುಂದ ಹೋಕ್ಕೈತಿ."

"ಹಂಗಾರ ಬಲಕ್ಕ ಹೊರಳಬೇಕಂದ್ರ?"

"ಉಗುಳೂ ಬಾಯಿನ್ನ ಹೊರಳ್ಸೂದು."

"ಬ್ರೇಕು?"

"ಇಲ್ಲ."

"ಬ್ರೇಕ ಇಲ್ಲಾ?!"

ಅವನಿಗೆ ನಗು ತಡೆಯಲಾಗಲಿಲ್ಲ. "ನೀವು ಸೀಟಿನ ಅಳತಿಗೆ ಬಂದೀರೋ, ನನ್ನ ಪರೀಕ್ಷಾ ತಗೊಳ್ಳಾಕ ಬಂದೀರೋ?"

ಹಾರೂನನ ಪರಿಚಯವಾದದ್ದು ಹೀಗೆ.

*

ಹಾರೂನ ಹುಬ್ಬಳ್ಳಿಯವನು. ಬೈನಾದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ವಾಟರ್ ಸ್ಕೂಟರುಗಳು ಕೆಟ್ಟು ನಿಂತರೆ ಕರೆ ಬರುವುದು ಅವನಿಗೇ. ಈ ದೋಣಿ ಯಾರದೋ ಹಿತ್ತಲಲ್ಲಿ ಮಗುಚಿ ಬಿದ್ದು, ಮೇಲೆ ಕೋಳಿಗಳು ಓಡಾಡುತ್ತಿದ್ದಾಗ ಅವನ ಕಣ್ಣಿಗೆ ಬಿದ್ದಿತ್ತು. ಮೈ ಗಟ್ಟಿಯಿತ್ತು. ಇಂಜಿನ್ ಮಾತ್ರ ತುಕ್ಕಿನ ಮುದ್ದೆ. ಅದೇ ಹೊತ್ತಿಗೆ ಬಂಡೆಗೆ ಬಡಿದು ಮೈಯೆಲ್ಲ ಒಡೆದುಕೊಂಡ ಒಂದು ವಾಟರ್ ಸ್ಕೂಟರ್ ಸಿಕ್ಕಿತು. ಅದರ ಇಂಜಿನ್ ಬಿಚ್ಚಿ ಈ ದೋಣಿಗೆ ಕೂರಿಸುವುದು ಅವನ ಹಂಚಿಕೆ.

"ಮೈ ಒಂದರದು, ಇಂಜಿನ್ ಇನ್ನೊಂದರದು... ಹೊಂದತಾವೇನ್ರಿ?" ಆರ್ಜೂ ಮತ್ತೊಂದು ದಿನ ಕೇಳಿದಳು.

"ಸುಮ್ನ ಹೊಂದಂಗಿಲ್ರಿ, ಹೊಂದಸ್ಬೇಕು. ಇಂಜಿನ್ ಕೂಡೂ ಜಾಗಾ ಹೊಸದಾಗಿ ಮಾಡ್ಬೇಕು. ಇಂಜಿನ್ನಿಂದ ಫ್ಯಾನಿಗೆ ಹೋಗೂ ಶಾಫ್ಟು ಒಂದ ಗೆರಿಗೆ ಬರಬೇಕು. ಒಂಚೂರು ಸೊಟ್ಟ ಆದ್ರೂ ಇಡೀ ದೋಣಿ ನಡಗತೈತಿ."

ಹೇಳುತ್ತ ಅವನು ಪಾನಾ ಹಾಕಿ ಇಂಜಿನ್ನನ್ನು ಕೈಯಿಂದಲೇ ತಿರುಗಿಸಿ ತೋರಿಸಿದ. ಅದು ನುಣ್ಣಗೆ ತಿರುಗಿತು. ಆರ್ಜೂ ನೋಡುತ್ತಿದ್ದದ್ದು ಮಾತ್ರ ಇಂಜಿನ್ನನ್ನಲ್ಲ, ಕೆಲಸದಲ್ಲಿ ಮುಳುಗಿದಾಗ ಅವನು ಕೆಳತುಟಿ ಕಚ್ಚಿಕೊಳ್ಳುವುದನ್ನು. ಅವನು ತಲೆಯೆತ್ತಿದ. ಇಬ್ಬರೂ ಒಟ್ಟಿಗೇ ಬೇರೆ ಕಡೆ ನೋಡಿದರು!

ಎರಡು ಸೀಟಿನ ಅಳತೆಗೆ ಎಷ್ಟು ಸಲ ಹೋಗಬೇಕು ಹೇಳಿ? ಆರ್ಜೂ ಹೋಗುತ್ತಲೇ ಇದ್ದಳು. ಇವತ್ತು ಮೂಲೆಯ ಅಳತೆ ತಪ್ಪಿತ್ತು, ನಾಳೆ ರೆಕ್ಸಿನ್ನಿನ ಬಣ್ಣ ತೋರಿಸುವುದಿತ್ತು.

"ಆ ಸೀಟು ದಿನಾ ಬೆಳ್ಯಾಕತ್ತೈತೇನು ಬೇಟಿ?" ಯಾಕೂಬ ಕನ್ನಡಕದ ಮೇಲಿಂದ ನೋಡಿದ.

"ಹೋಗ್ಲಿ ಬಿಡ್ರಿ," ತಾಯಿ ಹಜರತಬಿ ಒಳಗಿನಿಂದ ಕೂಗಿದಳು. "ಸಮುದ್ರದ ಗಾಳಿ ಮೈಗೆ ಚಲೋ."

ಆರ್ಜೂಗೆ ಕಿವಿಯವರೆಗೂ ಬಿಸಿಯಾಯಿತು. 'ನನಗ ಬೇಕಾಗಿದ್ದು ದೋಣಿ ಸುದ್ದಿಯೋ, ಅದನ್ನ ಹೇಳಾವನ ದನಿಯೋ?' ಪ್ರಪಂಚದ ಎಲ್ಲದರ ಬಗ್ಗೆ ಕುತೂಹಲವಿದ್ದ ಹುಡುಗಿಗೆ ಈ ಪ್ರಶ್ನೆಗೆ ಉತ್ತರ ಹುಡುಕಲು ಮಾತ್ರ ಧೈರ್ಯವಿರಲಿಲ್ಲ.

ಆ ಧೈರ್ಯ ಬೇಕಾಗುವ ಹೊತ್ತು ಬೇಗನೇ ಬಂತು. ಶೆಡ್ಡಿನ ಯಜಮಾನ ಥಾವರಪ್ಪ ಒಂದು ಸಂಜೆ ಚಹಾ ಹೀರುತ್ತ ಸಹಜವಾಗಿ ಹೇಳಿಬಿಟ್ಟ.

"ಈತನ ಅಣ್ಣ ಇಮಾಮಹುಸೇನ ಮಸ್ಕತ್ತಿನ್ಯಾಗ ಅದಾನವ್ವಾ. ಅಲ್ಲೇ ಗ್ಯಾರೇಜಿನ್ಯಾಗ ತಮ್ಮಗ ಕೆಲಸ ನೋಡ್ಯಾನ. ಶುಕ್ರವಾರ ಸಂಜಿ ಒಳಗ ಹೂಂ ಇಲ್ಲಾ ಊಹೂಂ ಹೇಳಬೇಕಂತ. ದೋಣಿ ಚಾಲೂ ಆತಂದ್ರ ನನ್ನ ಕೂಡ ಪಾಲುದಾರ, ಇಲ್ಲೇ ಇರ್ತಾನ. ಆಗ್ಲಿಲ್ಲಂದ್ರ ವಿಮಾನ ಹತ್ತತಾನ!"

ಆರ್ಜೂ ಹಾರೂನನ ಕಡೆ ನೋಡಿದಳು. ಅವನು ಇಲ್ಲ ಅನ್ನಲಿಲ್ಲ. ನಟ್ಟು ಬಿಗಿಯುವುದರಲ್ಲೇ ಇದ್ದ. ಅವಳು ಟೇಪು ಸುತ್ತಿಕೊಂಡು ಎದ್ದಳು.

*

ಶುಕ್ರವಾರ ಬಂತು. ಇಂಜಿನ್ ತನ್ನ ಹೊಸ ಜಾಗದಲ್ಲಿ ಕೂತಿತ್ತು. ಒಂದು ರಬ್ಬರ್ ಜಾಯಿಂಟ್ ಮಾತ್ರ ಬಾಕಿ. ಅದನ್ನು ತರಲು ಹಾರೂನ ಬೆಳಿಗ್ಗೆಯೇ ಮ್ಹಾಪಸಾ ಪೇಟೆಗೆ ಹೊರಟ.

"ನಮಾಜ್ ಮುಗಿಸ್ಕೊಂಡ ಬರ್ತೇನ್ರಿ. ಅಷ್ಟರಾಗ ನಳದ ಪೈಪು ಇಂಜಿನ್ನಿಗೆ ಜೋಡಿಸಿಟ್ಟಿರ್ರಿ. ಸಮುದ್ರದಾಗ ತಾನ ನೀರು ಎಳಕೊಂಡು ತಣ್ಣಗಾಕ್ಕೈತಿ, ನೆಲದ ಮ್ಯಾಲ ನಾವ ಕೊಡಬೇಕು. ನೀರಿಲ್ದ ಓಡಿದ್ರ ಸುಟ್ಟ ಹೋಕ್ಕೈತಿ."

ಸುಟ್ಟು ಹೋಗುತ್ತದೆ! ಆ ಮಾತು ಆರ್ಜೂಳ ತಲೆಯಲ್ಲಿ ಕೂತುಬಿಟ್ಟಿತು. ಅವಳು ಲಾರಿಯವನ ಮಗಳು. ಬೆಳಿಗ್ಗೆ ಎದ್ದು ಮೊದಲು ರೇಡಿಯೇಟರಿಗೆ ಕೊಡ ಎತ್ತಿ ನೀರು, ಆಮೇಲೆ ಬಿಸ್ಮಿಲ್ಲಾ, ಆಮೇಲೆ ಚಾವಿ. ಅಪ್ಪ ಒಂದು ದಿನವೂ ಈ ಕ್ರಮ ತಪ್ಪಿಸಿದವನಲ್ಲ.

ಸೀಟು ಕೂರಿಸಿ, ಪೈಪು ಜೋಡಿಸಿ, ಅವಳು ನಳ ಬಿಟ್ಟಳು. ಇಂಜಿನ್ ಹೊಟ್ಟೆ ತುಂಬ ಕುಡಿಯಲಿ! ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ನೀರು ಸೋರತೊಡಗಿತು. ತುಂಬಿತು ಎಂದುಕೊಂಡು ಸಮಾಧಾನದಿಂದ ನಳ ನಿಲ್ಲಿಸಿ, ಕೈ ಒರೆಸಿಕೊಂಡು ಕಾದಳು.

ಹಾರೂನ ಬಂದ. ಜಾಯಿಂಟ್ ಬಿಗಿದ. ಅವಳತ್ತ ಒಮ್ಮೆ ನೋಡಿ ಬಟನ್ ಒತ್ತಿದ.

ಟಕ್!

ಮತ್ತೆ ಒತ್ತಿದ. ಟಕ್! ಅಷ್ಟೇ. ಪಾನಾ ಹಾಕಿ ತಿರುಗಿಸಲು ನೋಡಿದ. ಕುತ್ತಿಗೆಯ ನರ ಉಬ್ಬಿದವೇ ಹೊರತು ಇಂಜಿನ್ ಕದಲಲಿಲ್ಲ.

"ಹಿಡಕೊಂಡ ಬಿಟ್ಟೈತಿ," ಅವನ ದನಿ ಬತ್ತಿಹೋಗಿತ್ತು. "ಬಂಡೆಗಲ್ಲಿಗೆ ಬಡಿದಾಗ ಒಳಗ ಏನೋ ಮುರದಿತ್ತು ಅಂತ ಕಾಣತೈತಿ. ನನಗ ಮೊದ್ಲಿಂದ ಇದ ಅಂಜಿಕಿ ಇತ್ತು. ಮುಗೀತ್ರಿ..."

ಅವನು ಫೋನ್ ತೆಗೆದ. ಅವಳ ಕಣ್ಣೆದುರೇ! "ಭಾಯ್... ಇಲ್ಲ, ಆಗ್ಲಿಲ್ಲ. ಹೂಂ. ಬರ್ತೇನಿ."

ಆರ್ಜೂ ಕಲ್ಲಾಗಿ ನಿಂತಳು. 'ಇಷ್ಟ ಸಸಾರನ? ಒಮ್ಮಿ ಬಿಚ್ಚಿ ನೋಡಲಿಲ್ಲ. ನನ್ನ ಕಡೆ ತಿರುಗಿ ಸೈತ ನೋಡಲಿಲ್ಲ. ಹೋಗಾಕ ಒಂದು ನೆಪ ಬೇಕಾಗಿತ್ತೇನು?' ಹೋಗಬ್ಯಾಡ್ರಿ ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಯಾವ ಹಕ್ಕಿನಿಂದ ಅನ್ನಬೇಕು? ಸೀಟು ಹೊಲಿಯುವವಳು ಅಂತಲೇ?

ಅವನೂ ಕಾಯುತ್ತಿದ್ದ. ಒಂದೇ ಒಂದು ಮಾತಿಗಾಗಿ! ಅದು ಅವಳಿಗೆ ತಿಳಿಯಲಿಲ್ಲ.

"ಸೀಟು ಚಲೋ ಆಗ್ಯಾವ್ರಿ," ಅವನು ಕೊನೆಗೆ ನೆಲ ನೋಡುತ್ತ ಹೇಳಿದ.

ಅವಳು ತಿರುಗಿ ನಡೆದುಬಿಟ್ಟಳು.

*

ಮನೆಗೆ ಬಂದವಳು ಅತ್ತಳು. ಅಳುತ್ತ ಅಳುತ್ತಲೇ ಅವಳ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಸ್ವಭಾವ ಎಲ್ಲಿ ಹೋಗುತ್ತದೆ?

"ಅಬ್ಬಾ, ನಿನ್ನಿ ತನಕ ಕೈಯಿಂದ ನುಣ್ಣಗ ತಿರುಗತಿದ್ದ ಇಂಜಿನ್ ಇವತ್ತು ಕಲ್ಲಾಗೂದು ಹೆಂಗ?"

ಯಾಕೂಬ ಕತ್ತರಿ ಕೆಳಗಿಟ್ಟ. "ಬಟನ್ ಒತ್ತಿದ್ರ ಟಕ್ ಅಂದು ನಿಂತತೇನು? ಹಂಗಾರ ಒಳಗ ನೀರು ಹೊಕ್ಕಿರ್ತೈತಿ. ಒಮ್ಮಿ ಹಳ್ಳದಾಗ ನನ್ನ ಲಾರಿ ಸಿಕ್ಕಾಗ ಹಂಗ ಆಗಿತ್ತು. ನೀರನ್ನ ಒತ್ತಾಕ ಆಗಂಗಿಲ್ಲ ನೋಡು, ಇಂಜಿನ್ ಅಲ್ಲೇ ನಿಂತ್ಬಿಡತೈತಿ."

"ನೀರು?" ಆರ್ಜೂಳ ಅಳು ನಿಂತಿತು. "ನೀರು ನಾನ ಬಿಟ್ಟಿದ್ದೆ ಅಬ್ಬಾ. ಚಾಲೂ ಮಾಡೂ ಮೊದ್ಲ. ನೀವು ರೇಡಿಯೇಟರಿಗೆ ತುಂಬ್ತಿದ್ರಲ್ಲ, ಹಂಗ."

"ಅದಕ್ಕ ರೇಡಿಯೇಟರ್ ಎಲ್ಲೈತಿ?"

ಅವಳು ಕಣ್ಣು ಮುಚ್ಚಿ ಆ ಪೈಪುಗಳನ್ನೆಲ್ಲ ನೆನಪಿಸಿಕೊಂಡಳು. ಲಾರಿಯಲ್ಲಿ ನೀರು ಒಳಗೇ ಸುತ್ತುತ್ತದೆ. ಇಲ್ಲಿ ಸುತ್ತುವುದಿಲ್ಲ. ಇಂಜಿನ್ನನ್ನು ತಣಿಸಿ, ಹೊಗೆಯ ಜೊತೆ ಹಿಂದಿನಿಂದ ಹೊರಗೆ ಹೋಗುತ್ತದೆ. ಇಂಜಿನ್ ಓಡದಿದ್ದರೆ ನೂಕುವ ಹೊಗೆ ಎಲ್ಲಿಂದ ಬರಬೇಕು? ನೀರು ಹೊಗೆಯ ದಾರಿಯಲ್ಲೇ ಹಿಂದಕ್ಕೆ ಹರಿದು...

"ಅಯ್ಯೋ ಅಲ್ಲಾ! ನಾನ ಮುಳುಗಿಸಿದೆ!"

"ಲಗೂನ ನೀರು ತಗದ್ರ ಉಳೀತೈತಿ," ಯಾಕೂಬ ನಿಧಾನವಾಗಿ ಹೇಳಿದ. "ಹಂಗ ಬಿಟ್ರ ತುಕ್ಕು ಹಿಡದು ಖರೇನ ಸಾಯ್ತೈತಿ."

ಹೇಳಿದರೆ ಹಾರೂನನಿಗೆ ಗೊತ್ತಾಗುತ್ತದೆ, ತನ್ನ ಇಷ್ಟು ತಿಂಗಳ ದುಡಿಮೆಯನ್ನು ಕೆಡಿಸಿದವಳು ಇವಳೇ ಎಂದು. ಮುಖ ನೋಡುವುದನ್ನೇ ಬಿಡಬಹುದು. ಹೇಳದಿದ್ದರೆ? ಹಣೆಬರಹ ಅಂದುಕೊಂಡು ವಿಮಾನ ಹತ್ತುತ್ತಾನೆ, ಅಷ್ಟೇ. ಯಾರಿಗೂ ಏನೂ ತಿಳಿಯುವುದಿಲ್ಲ.

ಆರ್ಜೂ ದುಪಟ್ಟಾ ಎಳೆದುಕೊಂಡು ಹೊರಗೆ ಓಡಿದಳು. ನಾಕಾದಲ್ಲಿ ಬಾಡಿಗೆ ಮೋಟರ್ ಸೈಕಲ್ಲಿನ ಪೈಲಟ್ ಒಬ್ಬ ನಿಂತಿದ್ದ. "ಬೈನಾ! ಜಲ್ದಿ!"

*

ಹಾರೂನ ಇಂಜಿನ್ನಿನ ಬೋಲ್ಟು ಬಿಚ್ಚುತ್ತಿದ್ದ. ಗುಜರಿಯವನಿಗೆ ಹೇಳಿ ಆಗಿತ್ತು.

"ಬಿಚ್ಚಬ್ಯಾಡ್ರಿ!" ಆರ್ಜೂ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. "ಇಂಜಿನ್ ಚಲೋ ಐತಿ. ಕೆಡಿಸಿದಾಕಿ ನಾನು."

ಒಂದೂ ಮುಚ್ಚಿಡದೆ ಹೇಳಿದಳು. ನಳ ಬಿಟ್ಟದ್ದು, ತುಂಬಿತು ಎಂದು ಖುಷಿಪಟ್ಟದ್ದು, ಅಪ್ಪನ ಲಾರಿ, ಎಲ್ಲ. ಹೇಳಿ ಮುಗಿಸಿ ಬೈಗುಳಕ್ಕಾಗಿ ಕಾದಳು.

ಹಾರೂನ ಪಾನಾ ಕೆಳಗಿಟ್ಟ. ಆಮೇಲೆ ತನ್ನ ಹಣೆಗೆ ತಾನೇ ಹೊಡೆದುಕೊಂಡ.

"ಮೊದ್ಲ ಚಾಲೂ ಮಾಡೂದು, ಆಮ್ಯಾಲ ನೀರು. ಬಂದ್ ಮಾಡೂ ಮುಂದ ಮೊದ್ಲ ನೀರು ನಿಲ್ಲಿಸೂದು. ಸ್ಕೂಟರ್ ರಿಪೇರಿ ಮಾಡಾವ್ರಿಗೆ ಇದು ಉಸಿರಾಡಿದಷ್ಟು ರೂಢಿ. ಅದಕ್ಕ ನಿಮಗ ಹೇಳೂದ ಮರತೆ. ತಪ್ಪು ನಂದು ಆರ್ಜೂ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

ಒಳಗಿನ ನೀರಿಗೆ ದಾರಿಯಾಗಲೆಂದು ಅವನು ಲಗುಬಗೆಯಿಂದ ಇಂಜಿನ್ನಿನ ಪ್ಲಗ್ಗುಗಳನ್ನು ಬಿಚ್ಚಿದ. ಬಟನ್ ಮೇಲೆ ಬೆರಳಿಟ್ಟವನು ಒತ್ತದೆ ನಿಂತ.

"ಇದನ್ನ ಒತ್ತೂ ಮೊದ್ಲ ಒಂದು ಮಾತು. ಇದು ತಿರಗಲಿ ಬಿಡಲಿ, ನಾ ಮಸ್ಕತ್ತಿಗೆ ಹೋಗಂಗಿಲ್ಲ."

"ಯಾಕ್ರಿ?" ಗೊತ್ತಿದ್ದೂ ಕೇಳಿದಳು!

"ನಿಮ್ಮಂಗ ಯಾರು ಪ್ರಶ್ನಿ ಕೇಳ್ತಾರ್ರಿ ಅಲ್ಲಿ?" ಅವನು ಬಟನ್ನಿನಿಂದ ಬೆರಳು ತೆಗೆದ. "ನೀವು ಬರೂ ಮೊದ್ಲ ನಾ ದಿನಾ ಒಬ್ಬನ ಕೆಲಸ ಮಾಡತಿದ್ದೆ, ಬ್ಯಾಸರ ಅಂತ ಗೊತ್ತ ಇರಲಿಲ್ಲ. ಈಗ ನೀವು ಬರದಿದ್ದ ದಿನ ಪಾನಾ ಹಿಡಿಯಾಕ ಮನಸ ಬರಂಗಿಲ್ಲ. ನೀವಂದ್ರ ನನಗ ಜೀವ. ಆವಾಗ ಫೋನ್ ಮಾಡಿದ್ದು... ನೀವು ತಡೀತೀರಿ ಅಂತ ಅನಕೊಂಡಿದ್ದೆ. ನೀವು ಸುಮ್ನ ನಿಂತ್ರಿ."

"ನಾ ಯಾರಂತ ತಡೀಲಿ?" ಅವಳ ಕಣ್ಣು ತುಂಬಿ ಬಂತು.

ಅವನು ಬಟನ್ ಒತ್ತಿಬಿಟ್ಟ!

ಭುಸ್ಸ್! ಪ್ಲಗ್ಗಿನ ತೂತುಗಳಿಂದ ನೀರು ಚಿಮ್ಮಿ ಇಬ್ಬರ ಮುಖ ಮೈಯೆಲ್ಲ ತೋಯಿಸಿತು. ಇಂಜಿನ್ ತಿರುಗುತ್ತಿತ್ತು! ಆರ್ಜೂ ಅಳುತ್ತ ನಕ್ಕಳು, ನಗುತ್ತ ಅತ್ತಳು. ನೀರೆಲ್ಲ ಹೋಗುವವರೆಗೂ ತಿರುಗಿಸಿ, ಒಂಚೂರು ಎಣ್ಣೆ ಬಿಟ್ಟು, ಹಾರೂನ ಪ್ಲಗ್ಗು ಬಿಗಿದ. ಬಿಚ್ಚಿದ್ದ ಬೋಲ್ಟು ಮತ್ತೆ ಕೂತವು.

"ನಳದ ಹತ್ರ ನಿಲ್ರಿ. ನಾ ಅಂದಮ್ಯಾಲ ಬಿಡ್ರಿ," ಎಂದು ಅವನು ಬಟನ್ ಒತ್ತಿದ.

ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಶೆಡ್ಡಿನ ತಗಡೆಲ್ಲ ನಡುಗುವಂತೆ ಗರ್ಜಿಸಿತು! "ಈಗ ಬಿಡ್ರಿ!" ಅವಳು ನಳ ತಿರುವಿದಳು. ದೋಣಿಯ ಹಿಂದಿನಿಂದ ಹೊಗೆಯ ಜೊತೆ ನೀರು ಪುಟಿಯಿತು. ದಂಡೆಯ ಕಡೆಯಿಂದ ಥಾವರಪ್ಪ "ಹೋಯ್! ಆತೇನಲೇ?" ಎಂದು ಕೂಗುತ್ತ ಓಡಿಬರುವುದು ಕಾಣಿಸಿತು.

ಹಾರೂನ ನೀರು ನಿಲ್ಲಿಸಲು ಸನ್ನೆ ಮಾಡಿ, ಇಂಜಿನ್ ಬಂದ್ ಮಾಡಿದ. ಆ ನಿಶ್ಶಬ್ದದಲ್ಲಿ ಫೋನ್ ಮೊಳಗಿತು. ಇಮಾಮಹುಸೇನ. ಟಿಕೀಟಿನ ಮಾತಿಗೇ ಇರಬೇಕು.

ಹಾರೂನ ಒದ್ದೆ ಕೈಯಲ್ಲಿ ಫೋನ್ ಹಿಡಿದು ಅವಳ ಮುಂದೆ ಚಾಚಿದ. "ನೀವ ಹೇಳ್ರಿ."

ಆರ್ಜೂ ದುಪಟ್ಟಾಕ್ಕೆ ಕೈ ಒರೆಸಿ ಫೋನ್ ತೆಗೆದುಕೊಂಡಳು.

"ಹಲೋ? ಹಾರೂನಾ?" ದೂರದ ದನಿ ಅವಳ ಹಲೋ ಕೇಳುತ್ತಲೇ ಬದಲಾಯಿತು. "ಯಾರು ಮಾತಾಡಾಕತ್ತೀರಿ?"

"ನಾನು ಆರ್ಜೂ ಅಂತ್ರಿ, ವಾಸ್ಕೋದಿಂದ." ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. "ನಿಮ್ಮ ತಮ್ಮಗ ಹೋಗಬ್ಯಾಡ ಅಂದಾಕಿ."

ಆ ಕಡೆಯಿಂದ ದೊಡ್ಡ ನಗು.

ಹಾರೂನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಸುಳ್ಳು ಹೇಳ್ತೀರಲ್ರಿ. ಇನ್ನೂ ಅಂದಿಲ್ಲ ನೀವು."

ಆರ್ಜೂ ಫೋನನ್ನು ಎದೆಗೊತ್ತಿಕೊಂಡು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಹೋಗಬ್ಯಾಡ್ರಿ."

"ಹೋಗಂಗಿಲ್ಲ," ಅಂದ ಹಾರೂನ.