ಅಕ್ಕಿ ಹಿಟ್ಟಿನ ಬಿಸ್ಕತ್ತು

ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಹಿಂದಿನ ಬೇಕರಿಗೆ ಗಂಗಾ ಮತ್ತೆ ಬಂದಾಗ, ತನಗಾಗಿಯೇ ಬಂದಳೆಂದು ಅಲ್ಲಿ ಬಿಸ್ಕತ್ತು ಸುಡುವ ದುರ್ಗೇಶ್ ತಿಳಿದ. ತಿಳಿಯುವುದಕ್ಕೆ ಕಾರಣವೂ ಇತ್ತು. ಊರಿಗೆ ಹೋಗುವ ಮುಂಚೆ ಸಂಜೆ ಸಂಜೆ ಬನ್ನಿನ ನೆಪದಲ್ಲಿ ಬರುತ್ತಿದ್ದಳು. ಅವನು ಪೊಟ್ಟಣ ಕಟ್ಟುವುದು ತಡವಾದಷ್ಟೂ ಅವಳ ಮುಖ ಅರಳುತ್ತಿತ್ತು.

"ನಮ್ಮ ಬನ್ನು ಮರ್ತೇ ಬಿಟ್ರೇನೋ ಅನ್ಕಂಡಿದ್ದೆ," ಅಂದ.

"ಮರೆಯಾಕೆ ಡಾಕ್ಟ್ರು ಬಿಡ್ಬೇಕಲ್ಲ. ದಿನಾ ತಿನ್ನು ಅಂದವ್ರೆ," ಎನ್ನುತ್ತ ಗಂಗಾ ಸ್ಟೂಲಿನ ಮೇಲೆ ಕುಸಿದಳು. ಕಣ್ಣ ಕೆಳಗೆ ಕಪ್ಪು. ಕೈಯೆತ್ತಿದರೆ ಬಳೆ ಮೊಣಕೈಗೆ ಜಾರುತ್ತಿತ್ತು.

ಹಾಸ್ಟೆಲಿನಲ್ಲಿದ್ದುಕೊಂಡು ಟೈಲರಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದವಳಿಗೆ ಚಪಾತಿ, ಉಪ್ಪಿಟ್ಟು ತಿಂದಾಗಲೆಲ್ಲ ಹೊಟ್ಟೆನೋವು, ಭೇದಿ. ಏನು ತಿಂದರೂ ಮೈಯಲ್ಲಿ ರಕ್ತ ಹೆಚ್ಚುತ್ತಿರಲಿಲ್ಲ. ಸೋತು ತನ್ನೂರು ತಾಳ್ಯಕ್ಕೆ ಹೋದಳು. ಕುರಿ ಕಾಯುವ ಆ ಮನೆಯಲ್ಲಿ ಕಾಯಿಲೆಯವರಿಗೆ ಕೊಡುವಂತೆ ತಾಯಿ ಕಾಟಮ್ಮ ಅಂಬಲಿ, ಮುದ್ದೆ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ತಿಂಗಳುಗಟ್ಟಲೆ ಹಾಗೆ ಉಂಡ ಮೇಲೆ ನೋವು ನಿಂತರೂ ಸುಸ್ತು ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲವೆಂದು ಬಂತು. ಊರವರು ಮೈಗಳ್ಳಿ ಅಂದರು. ಹೊಸ ಡಾಕ್ಟರಮ್ಮ ಮಾತ್ರ, ಏನು ಉಣ್ಣುತ್ತಿದ್ದೆ ಎಂದು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರಂತೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದರೆ, ಗೋಧಿ ತಿನ್ನುತ್ತಿರುವಾಗ ರಕ್ತದಲ್ಲಿ ಸುಳಿವು ಸಿಗುತ್ತದೆ. ಬಿಟ್ಟು ತಿಂಗಳುಗಳಾದರೆ ಅಳಿಸಿಹೋಗಬಹುದು. ಅದಕ್ಕೇ ಕೆಲವು ವಾರ ದಿನಾ ತಿನ್ನಬೇಕು. ಆಮೇಲೆ ಮತ್ತೆ ರಕ್ತ ಕೊಡಬೇಕು, ಬಾಯಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಸಿ ನೋಡಬೇಕು.

ಚಪಾತಿ ಕಂಡರೆ ಓಕರಿಕೆ ಬರುತ್ತಿದ್ದವಳು ಆರಿಸಿಕೊಂಡದ್ದು ದುರ್ಗೇಶ್ ಗೋಧಿಯದೇ ಮೈದಾದಲ್ಲಿ ಮಾಡುವ ಬೆಣ್ಣೆ ಬಿಸ್ಕತ್ತನ್ನು. ಕಾಯಿಲೆಗೆ ಒಂದು ಹೆಸರಾದರೂ ಸಿಗಲಿ ಎಂದು ಅವಳಿಗೆ ಆಸೆ. ಆ ಹೆಸರು ಇದೇ ಆದರೆ, ಹಿಟ್ಟಿನ ಧೂಳಿನಲ್ಲೇ ಬದುಕುವ ಈ ಮನುಷ್ಯನ ಪಕ್ಕ ನಿಲ್ಲುವುದು ಹೇಗೆಂದು ಭಯ.

ಮೊದಮೊದಲು ಹೊಟ್ಟೆ ಹಿಡಿದುಕೊಂಡೇ ತಿಂದಳು. ಅವನು ನೋಡಲಾರದೆ ಒಲೆಯ ಕಡೆ ತಿರುಗಿಬಿಡುತ್ತಿದ್ದ. ಆಮೇಲೆ ನೋವು ತಾನಾಗಿ ಇಳಿಯಿತು. ಹಾಗಾದರೆ ಈ ಕಾಯಿಲೆ ಗೋಧಿಯದಲ್ಲ ಎಂದುಕೊಂಡು ಗಂಗಾ ಎಷ್ಟೋ ದಿನದ ಮೇಲೆ ಕನ್ನಡಿ ನೋಡಿ ತಲೆ ಬಾಚಿಕೊಂಡಳು. ಆ ಸಂಜೆ ಬಿಸ್ಕತ್ತು ಮುರಿಯಹೋದರೆ ಅದು ಮರಳಿನಂತೆ ಉದುರಿತು. ರೊಟ್ಟಿ ತಟ್ಟಿ ಬೆಳೆದ ಬೆರಳುಗಳಿಗೆ ತಿಳಿದುಹೋಯಿತು.

"ಇದು ಅಕ್ಕಿ ಹಿಟ್ಟು ಅಲ್ಲೇನ್ರಿ?"

ದುರ್ಗೇಶ್ ತಲೆ ತಗ್ಗಿಸಿದ. "ನೀವು ನೋವು ತಿನ್ನೋದು ನೋಡಾಕಾಗ್ಲಿಲ್ಲ."

"ನಮ್ಮವ್ವ ಮಾಡಿದ್ದೂ ಇದ್ನೇ. ನೋವೂ ಇಲ್ಲ, ಕಾಯಿಲೆ ಏನಂತಾನೂ ಗೊತ್ತಾಗ್ಲಿಲ್ಲ. ಎಷ್ಟು ಸಲಾಂತ ಮೊದ್ಲಿಂದ ಶುರು ಮಾಡ್ಲಿ ನಾನು?"

ಬಯ್ಯುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. ಉದುರಿದ ಪುಡಿಯನ್ನು ಅಂಗೈಗೆ ಬಳಿದು ಅವನ ಕೈಯಲ್ಲಿಟ್ಟು ಹೊರಟುಹೋದಳು.

ಮಾರನೆಯ ಸಂಜೆ ಅವನು ಮೈದಾದ ಬಿಸ್ಕತ್ತನ್ನೇ ಕೊಟ್ಟ. ಈ ಸಲ ಒಲೆಯ ಕಡೆ ತಿರುಗಲಿಲ್ಲ. ನೀರಿನ ಲೋಟ ಹಿಡಿದು, ಅವಳು ತಿಂದು ಮುಗಿಸುವವರೆಗೆ ಎದುರಿಗೇ ಕುಳಿತ. ವಾರಗಟ್ಟಲೆ ಹಾಗೇ ಕುಳಿತ. ಅವಳ ಹಣೆಯಲ್ಲಿ ಬೆವರೊಡೆದರೆ ಅವನ ಹಣೆಯಲ್ಲೂ ಒಡೆಯುತ್ತಿತ್ತು.

ಕೊನೆಗೆ ರಕ್ತವೂ ಕರುಳಿನ ಚೂರೂ ಒಂದೇ ಮಾತು ಹೇಳಿದವು: ಸೀಲಿಯಾಕ್. ಇನ್ನು ಬದುಕಿರುವವರೆಗೆ ಗೋಧಿ ಮುಟ್ಟುವಂತಿಲ್ಲ.

ಗಂಗಾ ಬೇಕರಿಗೆ ಹೋಗಲಿಲ್ಲ. ರಸ್ತೆಯ ಈಚೆ ನಿಂತು ನೋಡಿದಳು. ಅವಳನ್ನು ಕಂಡದ್ದೇ ದುರ್ಗೇಶ್ ಒಳಗೆ ಮಾಯವಾದ. ಬಹಳ ಹೊತ್ತಿನ ಮೇಲೆ ತಲೆಗೆ ನೀರು ಸುರಿದುಕೊಂಡು, ಬೇರೆ ಅಂಗಿ ತೊಟ್ಟು ರಸ್ತೆ ದಾಟಿ ಬಂದ.

"ಗೊತ್ತಾತು ಬಿಡ್ರಿ, ನಿಮ್ಮ ಮುಖ ನೋಡಿದ್ರೆ," ಅಂದ. "ಮನೇಲಿ ಗೋಧಿ, ಮೈದಾ ಇರಾಕಿಲ್ಲ. ಮೈಮೇಲಿನ ಹಿಟ್ಟೆಲ್ಲ ಹಿಂಗೇ ತೊಳ್ಕಂಡು ಮನೆಗೆ ಬರ್ತೀನಿ. ಮುದ್ದೆ ಮಾಡೋದು ನಿಮ್ಮವ್ವಾರ ಹತ್ರ ಕಲೀತೀನಿ. ನನ್ನ ಮದ್ವೆ ಆಗ್ತೀರಾ?"

ಅವನ ಕಿವಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಗಂಗಾ ಅದನ್ನೇ ನೋಡಿದಳು.

"ಹೂಂ ಅನ್ನಾಕೂ ಸುಸ್ತಾಗೈತ್ರಿ."

"ಕುಂತ್ಕಂಡು ಅನ್ರಿ."

ಪಕ್ಕದ ಕಟ್ಟೆಯ ಮೇಲೆ ಅವಳು ಕುಳಿತಳು. ಅವನೂ ಪಕ್ಕದಲ್ಲೇ ಕುಳಿತ. ಆಮೇಲೆ ಅವಳು ಅವನ ಒದ್ದೆ ತೋಳಿಗೆ ತಲೆಯಾನಿಸಿ, ಹೂಂ ಅಂದಳು.